ತಾರಸಿಯ ಮೇಲೊಂದು ಗೊಂಚಲು ಚುಕ್ಕಿ

ಕಣ್ಣು ಮುಚ್ಚಿದರೂ ಚುಕ್ಕಿಗಳೇ, ರೆಪ್ಪೆಯ ಒಳಗೂ ಹಸಿರು, ಕಂದು, ಕೆಂಪು, ಪಕ್ಕದ ಮೇಜಿನವಳು ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇದ್ದಾಳೆ, ಸಕ್ಕರೆ ಕರಗಿ ಎಷ್ಟು ಹೊತ್ತಾಯಿತೋ, ಅದೂ ತಿಳಿಯದಷ್ಟು ಸುಸ್ತು ಅವಳಿಗೆ, ನನಗಂತೂ ಸೊಂಟ ಬಿದ್ದೇ ಹೋಗಿದೆ, ಬೆಳಿಗ್ಗೆ ಅಕ್ಕನನ್ನು ಮಗ್ಗುಲಿಗೆ ಹೊರಳಿಸುವಾಗ ಹಿಡಿದ ಚಳುಕು ಇನ್ನೂ ಬಿಟ್ಟಿಲ್ಲ — ಮರ, ಮರ, ನೆಲ, ಮನೆ, ಇದೇ ನನ್ನ ಕೆಲಸ, ವಿಮಾನ ಮೇಲಿಂದ ಲೇಸರ್ ಬೆಳಕು ಸುರಿಯುತ್ತಾ ಹೋಗುತ್ತದೆ, ಬೆಳಕು ಯಾವುದಕ್ಕೆ ತಾಗಿ ಹಿಂದಿರುಗಿತೋ ಅಲ್ಲೊಂದು ಚುಕ್ಕಿ, ಅಂಥ ಕೋಟಿ ಚುಕ್ಕಿಗಳಿಗೆ ಹೆಸರಿಡುತ್ತಾ ಕೂರುವವಳು ನಾನು, ಮುಕ್ಕಾಲು ಪಾಲು ಕಂಪ್ಯೂಟರೇ ಇಟ್ಟಿರುತ್ತದೆ, ಅದು ಎಡವಿದಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ತಿದ್ದಬೇಕು, ಮರ ತೆಗೆ, ಮನೆ ತೆಗೆ, ಬರೀ ನೆಲ ಉಳಿಸು, ನೀರು ಎತ್ತ ಹರಿಯುತ್ತದೆಂದು ನೋಡುವವರಿಗೆ ನೆಲದ ಏರಿಳಿತವಷ್ಟೇ ಸಾಕು, ಇನ್ನು ಯಾವುದಕ್ಕೂ ಸೇರದ ಚುಕ್ಕಿ, ಹಾರುವ ಹಕ್ಕಿ, ಗಾಳಿಪಟ, ಹೊಗೆ, ಅದಕ್ಕೆಲ್ಲ ನಮ್ಮಲ್ಲಿ ಒಂದೇ ಹೆಸರು, ಕಸ.

ಇನ್ನೂ ಅದೇ ಬೀದೀಲಿದ್ದೀರಾ ಮೇಡಂ, ಬೆನ್ನ ಹಿಂದೆ ಮೇಸ್ತ್ರಿ, ಮೇಲ್ವಿಚಾರಕನಿಗೆ ನಾವಿಟ್ಟ ಹೆಸರದು, ಮನೆ ಕಟ್ಟಿಸುವ ಮೇಸ್ತ್ರಿಯಲ್ಲ, ಅಳಿಸಿ ಹಾಕಿಸುವ ಮೇಸ್ತ್ರಿ, ಸಂಜೆಯೊಳಗೆ ನಕ್ಷೆಯ ಈ ತುಂಡು ಹೋಗಲೇಬೇಕು, ಆ ತಾರಸಿ ಮೇಲಿರೋದನ್ನ ಕಸಕ್ಕೆ ಹಾಕಿ ಮುಗಿಸಿ — ಹಾಕ್ತೀನಿ ಸರ್ — ಎಲ್ಲರಿಗೂ ಸಂಜೆಯೊಳಗೆ, ಅಣ್ಣನೂ ಅದನ್ನೇ ಅಂದ, ಆರೈಕೆ ಮನೇಲಿ ಒಂದು ಹಾಸಿಗೆ ಖಾಲಿಯಾಗಿದೆಯಂತೆ, ಸಂಜೆಯೊಳಗೆ ಹೇಳದಿದ್ರೆ ಬೇರೆಯವರಿಗೆ ಕೊಟ್ಬಿಡ್ತಾರೆ, ಅಕ್ಕನ್ನ ಕಳಿಸೋಣ ಅಂತ ನಾನು ಹೇಳ್ತಿಲ್ಲ, ನೀನು ಹ್ಞೂಂ ಅಂದ್ರೆ ಮಾತ್ರ — ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಹುಟ್ಟಿದಾಗಿಂದ ಹಾಗೇ ಅವನು, ಹ್ಞೂಂ ಅನ್ನಬೇಕೆಂದೇ ಇವತ್ತು ಮನೆಯಿಂದ ಹೊರಟೆ, ಸುಳ್ಳೇಕೆ, ಸಾಕಾಗಿದೆ ನನಗೆ, ಒದ್ದೆ ಬಟ್ಟೆ, ಮಾತ್ರೆ, ಅವಳ ತೊದಲಿನಲ್ಲಿ ನೀರು ಯಾವುದು ನೋವು ಯಾವುದು ಎಂದು ಬಿಡಿಸಿಕೊಳ್ಳುವುದು, ಫಿಜಿಯೋ ಹುಡುಗಿ ದಿನವೂ ಬಲಗೈ ಎತ್ತಿ ಅಮ್ಮಾ, ಒಂದೇ ಒಂದ್ಸಲ ಎತ್ತಿ ಎಂದು ಗೋಗರೆಯುವುದು, ಕೈ ಮಾತ್ರ ಹೊದಿಕೆಯ ಮೇಲೆ ಯಾರೋ ಮರೆತು ಹೋದ ಚೀಲದ ಹಾಗೆ ಬಿದ್ದಿರುವುದು.

ನಮ್ಮದೇ ಬೀದಿ ಇದು, ನಮ್ಮ ಮನೆ, ನೀರಿನ ಟ್ಯಾಂಕು, ಅದರ ಪಕ್ಕ ಈ ಗೊಂಚಲು, ಕಂಪ್ಯೂಟರ್ ಮರ ಎಂದುಕೊಂಡು ಹಸಿರು ಬಳಿದಿದೆ, ನಮ್ಮ ತಾರಸಿಯಲ್ಲಿ ಒಂದು ಹೂಕುಂಡವೂ ಇಲ್ಲ, ಪಕ್ಕಕ್ಕೆ ತಿರುಗಿಸಿ ನೋಡಿದೆ, ಒಂದಾಳೆತ್ತರ, ಮೇಲೆ ತಲೆಯಷ್ಟು ದುಂಡಗೆ, ಅದಕ್ಕೂ ಮೇಲೆ, ಬಲಕ್ಕೆ ಓರೆಯಾಗಿ, ನಾಲ್ಕೈದು ಚುಕ್ಕಿ ಸಾಲಾಗಿ — ಮರವಂತೆ, ಅಕ್ಕನಿಗೆ ಗೊತ್ತಾಗಿದ್ದರೆ ಎಷ್ಟು ನಗುತ್ತಿದ್ದಳು, ಹೌದು ಕಣೇ, ಹುಣಸೆ ಮರ, ಮುಪ್ಪಾದ್ರೂ ಹುಳಿಗೆ ಮುಪ್ಪಿಲ್ಲ ಅನ್ನುತ್ತಿದ್ದಳು — ನಾನು ವಿಮಾನ ಹತ್ತಿದವಳೇ ಅಲ್ಲ ಎಂದು ಎಷ್ಟು ಸಲ ಹೇಳಿದರೂ ಅವಳ ತಲೆಗೆ ಇಳಿದಿರಲಿಲ್ಲ, ನಮ್ಮ ಚಿಕ್ಕವಳು ಮೇಲಿಂದ ಊರು ಅಳೀತಾಳೆ ಅಂತ ಬೀದಿಗೆಲ್ಲ ಸಾರಿಕೊಂಡು ಬಂದವಳು, ಅವತ್ತು ಚಪ್ಪಲಿ ಮೆಟ್ಟಿಕೊಳ್ಳುತ್ತಾ ಇವತ್ತು ನಮ್ಮ ವಿಮಾನ ಈ ಕಡೆ ಬರತ್ತಕ್ಕ ಅಂದಿದ್ದೆ, ಅಷ್ಟೇ, ಸಂಜೆ ಬಾಗಿಲಲ್ಲೇ ಕೇಳಿದಳು, ತಾರಸೀಲಿ ಕೈ ಎತ್ತಿ ನಿಂತಿದ್ನಲ್ಲೇ, ಕಾಣಿಸಿದ್ನಾ — ಮನುಷ್ಯರೆಲ್ಲ ಕಾಣಲ್ಲಕ್ಕ, ನೆಲ ಅಷ್ಟೇ, ಅಂದೆ, ತಿರುಗಿ ಕೂಡ ನೋಡದೆ, ಅಷ್ಟು ದಣಿದಿದ್ದೆ, ಹೌದಾ, ಹಾಗಾದ್ರೆ ಸುಮ್ನೆ ಬಿಸಿಲು ಕಾಯ್ದೆ ಅಂದಳು, ಆ ವಾರವೇ ಬಚ್ಚಲಲ್ಲಿ ಬಿದ್ದಳು, ಆಮೇಲೆ ಬಲಗಡೆಯೂ ಇಲ್ಲ, ಮಾತೂ ಇಲ್ಲ.

ಫೋನು ಅದುರುತ್ತಿದೆ, ಅಣ್ಣ, ಅಲ್ಲಿ ಮೇಸ್ತ್ರಿ ಗಡಿಯಾರ ನೋಡುತ್ತಿದ್ದಾನೆ, ಅತ್ತ ದರಿ ಇತ್ತ ಪುಲಿ, ಗೊಂಚಲ ಸುತ್ತ ಗೆರೆ ಎಳೆದಾಗಿದೆ, ಒಂದು ಕೀಲಿ ಒತ್ತಿದರೆ ಕಸ, ಒತ್ತಬೇಕು, ನೆಲವಲ್ಲ, ಮರವಲ್ಲ, ಹಾಗಂತ — ಟ್ಯಾಂಕನ್ನು ನಾವು ಮನೆ ಎಂದೇ ಬರೆಯುತ್ತೇವೆ, ತಾರಸಿಗೆ ಅಂಟಿಕೊಂಡು ನಿಂತದ್ದೆಲ್ಲ ಮನೆ, ನೆಲದ ನಕ್ಷೆಗೆ ಅದರಿಂದ ಕೂದಲಷ್ಟೂ ವ್ಯತ್ಯಾಸವಿಲ್ಲ, ಮೇಸ್ತ್ರಿಗೆ ಗೊತ್ತೂ ಆಗುವುದಿಲ್ಲ, ಬೆರಳು ಪಕ್ಕದ ಕೀಲಿಗೆ ಸರಿಯಿತು, ಹಸಿರೆಲ್ಲ ಮನೆಯ ಕೆಂಪಾಯಿತು, ಫೋನು ಎತ್ತಿದೆ — ಏನಮ್ಮ, ಹ್ಞೂಂ ಅನ್ಲಾ ಅವರಿಗೆ — ಬೇಡ ಅಣ್ಣ — ಯೋಚ್ನೆ ಮಾಡು, ನೀನೇ ಸಾಯ್ತಿದ್ದೀಯ — ಬೇಡ, ಮನೇಲೇ ಇರ್ಲಿ — ಫೋನು ಇಟ್ಟುಬಿಟ್ಟೆ, ನಾಳೆಯೂ ಇದೇ ಸೊಂಟ, ಇದೇ ಬಟ್ಟೆ, ಗೊತ್ತು, ಯಾರ ಮೇಲೆ ರೇಗಲಿ, ಈಗ ಎದ್ದು ಮನೆಗೆ ಹೋಗಬೇಕು, ಹಾಸಿಗೆಯ ಅಂಚಿಗೆ ಕೂತು ಹೇಳಬೇಕು, ಕಾಣಿಸಿದೆ ಅಕ್ಕ, ತಲೆ ಕಾಣಿಸಿದೆ, ಹೆಗಲು ಕಾಣಿಸಿದೆ, ಏಳಬೇಕು, ಕಂಪ್ಯೂಟರ್ ಆರಿಸಬೇಕು, ಆರಿಸಿದರೆ ಹೋಗುತ್ತದೆ, ಇನ್ನೊಂದು ಗಳಿಗೆ, ನಾನಿಲ್ಲದ ವಿಮಾನದ ಕಡೆಗೆ, ಬಿಸಿಲಲ್ಲಿ, ನಾಲ್ಕೈದು ಚುಕ್ಕಿ, ಬಲಗೈ, ಮೇಲಕ್ಕೆ ಎತ್ತಿದ ಬಲಗೈ —