ಎಲ್ಲಾ ಠೀಕ್ ಎಂದ ಹವಾಲ್ದಾರರು

ನಾನು ಒಂದು ಕಾಯಿಲ್. ತಾಮ್ರದ ತಂತಿಯನ್ನು ಎರಡು ಬಳೆಗಳಂತೆ ಪಕ್ಕಪಕ್ಕದಲ್ಲಿ ಸುತ್ತಿ, ಮೇಲೆ ಬೂದು ಬಣ್ಣದ ಪ್ಲಾಸ್ಟಿಕ್ ಕವಚ ತೊಡಿಸಿ, ಕಡಲಾಚೆಯ ಕಾರ್ಖಾನೆಯೊಂದರಲ್ಲಿ ನನ್ನನ್ನು ಹುಟ್ಟಿಸಿದರು. ಕರೆಂಟು ಹರಿದಾಗಲೆಲ್ಲ ನನ್ನಲ್ಲಿ ಅಯಸ್ಕಾಂತದ ಶಕ್ತಿ ಏಳುತ್ತದೆ. ತಲೆಗೆ ತಾಗಿಸಿ ಹಿಡಿದರೆ ಅದು ಬುರುಡೆ ದಾಟಿ, ಮಂಕಾಗಿ ಕುಳಿತ ಮೆದುಳನ್ನು ತಟ್ಟಿ ಎಬ್ಬಿಸುತ್ತದೆ. ನಾನು ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ. ಟಕ್ ಟಕ್ ಎನ್ನುತ್ತೇನೆ, ಅಷ್ಟೇ.

ಮೊದಲ ನಾಲ್ಕು ವರ್ಷ ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ದುಡಿದೆ. ಅಲ್ಲಿಗೆ ಹೊಸ ಯಂತ್ರ ಬಂದ ಮೇಲೆ ನನ್ನನ್ನು ಬೆಳಗಾವಿಯ ಸಣ್ಣ ಮನೋರೋಗ ಆಸ್ಪತ್ರೆಗೆ ಸಾಗಹಾಕಿದರು. ಮೇಜು, ಚಪ್ಪಲಿಗಳು ಮನುಷ್ಯರನ್ನು ಕೆಳಗಿನಿಂದ ನೋಡುತ್ತವಂತೆ. ನಾನು ಮೇಲಿನಿಂದ ನೋಡುವವನು. ಯಾರ ನೆತ್ತಿ ಬೋಳಾಗಿದೆ, ಯಾರು ಬೇಡವೆಂದರೂ ತಲೆ ತುಂಬ ಕೊಬ್ಬರಿ ಎಣ್ಣೆ ಸುರಿದುಕೊಂಡು ಬಂದಿದ್ದಾರೆ, ಎಲ್ಲ ನನಗೆ ಗೊತ್ತು. ಜನ ನನ್ನನ್ನು ಶಾಕ್ ಕೊಡುವ ಮಷೀನು ಎಂದು ಕರೆದಾಗ ಮೈ ಉರಿಯುತ್ತಿತ್ತು. ಆದರೆ ಅಳುತ್ತ ಬಂದವರು ತಿಂಗಳೊಪ್ಪತ್ತಿನಲ್ಲಿ ನಗುತ್ತ ಹೋದದ್ದನ್ನೂ ಕಂಡಿದ್ದೇನೆ. ಅದರಿಂದ ನನಗೆ ಸ್ವಲ್ಪ ಜಂಬವೂ ಬಂದಿತ್ತು.

ಆ ಜಂಬ ಇಳಿದದ್ದು ಯಲಗೌಡರಿಂದ.

ಯಲಗೌಡರು ಬೈಲಹೊಂಗಲದ ಕಡೆಯ ನಿವೃತ್ತ ಹವಾಲ್ದಾರರು. ಗಡಿಯ ಚೌಕಿಯೊಂದರ ಮೇಲೆ ಗುಂಡು ಬಿದ್ದು, ಜೊತೆಗಿದ್ದ ಇಬ್ಬರು ಅವರ ಕಣ್ಣೆದುರೇ ಸತ್ತಿದ್ದರು. ಹದಿನೆಂಟು ವರ್ಷವಾದರೂ ಆ ಗುಂಡು ಅವರ ನಿದ್ದೆಯಲ್ಲಿ ಬೀಳುತ್ತಲೇ ಇತ್ತು. ಒಮ್ಮೆ ನಿದ್ದೆಗಣ್ಣಿನಲ್ಲಿ ಹೆಂಡತಿ ಕಾಶವ್ವನ ಕುತ್ತಿಗೆಗೆ ಕೈ ಹಾಕಿದ್ದರು. ಅಂದಿನಿಂದ ಅವರ ಹಾಸಿಗೆ ಅಂಗಳದಾಚೆಯ ದನದ ಕೊಟ್ಟಿಗೆಗೆ ಹೋಯಿತು.

"ಊರಿಗೆ ಉಪಕಾರಿ, ಮನಿಗೆ ಮಾರಿ ಆಗೇನ್ರಿ ಮೇಡಂ," ಎಂದರು ಮೊದಲ ದಿನ. "ಮತ್ತ ಮನಿಯೊಳಗ ಮಲಗೂಹಂಗ ಮಾಡ್ರಿ. ಅಷ್ಟಾದ್ರ ಸಾಕು."

ಡಾಕ್ಟರ್ ಮೃಣಾಲಿನಿ ವಾರಕ್ಕೆ ಐದು ದಿನದಂತೆ ಆರು ವಾರದ ಚಿಕಿತ್ಸೆ ಬರೆದರು. ಯಲಗೌಡರು ಒಂದು ದಿನವೂ ತಪ್ಪಿಸಲಿಲ್ಲ. ಶಬ್ದ ಕಿವಿಗೆ ಬಡಿಯಬಾರದೆಂದು ಹತ್ತಿ ಕೊಟ್ಟರೆ, ಪಹರೆಯವನು ಕಿವಿ ಮುಚ್ಚಿಕೊಳ್ಳುವುದುಂಟೇ ಎಂದು ಜಗಳ ತೆಗೆದರು. ಡಾಕ್ಟರು ಗದರಿದ ಮೇಲೆ ಇಟ್ಟುಕೊಂಡರು. ನಾನು ಟಕ್ ಟಕ್ ಎಂದಾಗಲೆಲ್ಲ ಅವರ ಬೆರಳುಗಳು ಕುರ್ಚಿಯ ಕೈಯನ್ನು ಬಿಗಿಯಾಗಿ ಹಿಡಿಯುತ್ತಿದ್ದವು.

ಪ್ರತಿ ಶುಕ್ರವಾರ ಡಾಕ್ಟರು ಪ್ರಶ್ನೆಗಳ ಹಾಳೆ ಹಿಡಿದು ಬರುತ್ತಿದ್ದರು. ನಿದ್ದೆ ಹೇಗಿದೆ? ಕೆಟ್ಟ ಕನಸು ಬೀಳುತ್ತದೆಯೇ?

ಯಲಗೌಡರು ಬೆನ್ನು ನೆಟ್ಟಗೆ ಮಾಡುತ್ತಿದ್ದರು. "ಎಲ್ಲಾ ಠೀಕ್ ಐತ್ರಿ ಮೇಡಂ."

ಇಪ್ಪತ್ತೆರಡು ವರ್ಷ ಮೇಲಧಿಕಾರಿಗೆ ದಿನವೂ ಒಪ್ಪಿಸಿದ ವರದಿ ಅದು. ಜ್ವರವಿದ್ದರೂ, ಕಾಲು ಮಂಜುಗಟ್ಟಿದ್ದರೂ, ಕೇಳಿದವರಿಗೆ ಎಲ್ಲಾ ಠೀಕ್. ಬೇರೆ ಉತ್ತರ ಕೊಡುವುದು ಅವರಿಗೆ ರೂಢಿಯೇ ಇರಲಿಲ್ಲ. ಕಾಶವ್ವನನ್ನು ಒಳಗೆ ಕರೆಯೋಣವೇ ಎಂದರೆ, "ಹೆಣ್ಣಮಕ್ಕಳು ಯಾಕ್ರಿ ಇದ್ರಾಗ?" ಎಂದುಬಿಡುತ್ತಿದ್ದರು. ಆಕೆ ಹೊರಗಿನ ಬೆಂಚಿನ ಮೇಲೆ ಬುತ್ತಿ ಗಂಟು ಹಿಡಿದು ಕುಳಿತಿರುತ್ತಿದ್ದಳು.

ಹಾಳೆಯಲ್ಲಿ ಕಾಯಿಲೆಯ ಅಂಕ ವಾರವಾರಕ್ಕೂ ಇಳಿಯಿತು. ಡಾಕ್ಟರು ಹಿಗ್ಗಿದರು. ನನಗೆ ಮಾತ್ರ ಗೊತ್ತಿತ್ತು. ಕಚ್ಚಿದ ಹಲ್ಲಿನ ಬಿಗಿ ಬುರುಡೆಯುದ್ದಕ್ಕೂ ಏರಿ ನನಗೆ ತಾಗುತ್ತಿತ್ತು. ಒಂದಿಷ್ಟು ಸಡಿಲವಾಗಿತ್ತು, ಸುಳ್ಳು ಹೇಳಲಾರೆ. ಆದರೆ ಪೂರ್ತಿ ಬಿಟ್ಟಿರಲಿಲ್ಲ. ಇನ್ನೂ ಸ್ವಲ್ಪ ದಿನ ಬೇಕು ಎಂದು ಕೂಗಬೇಕೆನಿಸಿತು. ನನ್ನ ಬಾಯಲ್ಲಿ ಬರುವುದು ಒಂದೇ ಮಾತು, ಟಕ್.

ಚಿಕಿತ್ಸೆಯ ಮೂವತ್ತನೆಯ, ಅಂದರೆ ಕೊನೆಯ ದಿನ ಡಾಕ್ಟರು ಕೇಳಿದರು: "ಇನ್ನು ಮನೆಯೊಳಗೆ ಮಲಗುತ್ತೀರಾ?"

"ಇವತ್ತೇ ಮಲಗ್ತೀನ್ರಿ."

ಬಾಗಿಲಲ್ಲಿ ನಿಂತಿದ್ದ ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆ ನಗು ಕಂಡು ನಾನೂ ಸುಮ್ಮನೆ ನಂಬಿಬಿಟ್ಟೆ.

ಹದಿನೈದು ದಿನಕ್ಕೆ ಆಕೆ ಒಬ್ಬಳೇ ಬಂದಳು. ಬಲಗೈಗೆ ಪ್ಲಾಸ್ಟರ್ ಹಾಕಿತ್ತು.

"ಅವರು ನಿದ್ದ್ಯಾಗ ಎತ್ತಿ ಒಗದ್ರರಿ ಬಾಯಾರ. ಬಚ್ಚಲದಾಗ ಜಾರಿ ಬಿದ್ನಿ ಅಂತ ಅವರ ಮುಂದ ಎಷ್ಟ್ ಹೇಳಿದ್ರೂ ನಂಬವಲ್ರು."

ಡಾಕ್ಟರು ಎದ್ದು ಬಂದು ಆಕೆಯ ಪಕ್ಕ ಕುಳಿತರು. "ತಪ್ಪು ನನ್ನದಮ್ಮ. ನಿಮ್ಮನ್ನು ಒಂದು ಮಾತು ಕೇಳಬೇಕಿತ್ತು. ನಾಳೆಯೇ ಕರೆತನ್ನಿ, ಮತ್ತೆ ಶುರು ಮಾಡೋಣ."

"ಬರಾಂಗಿಲ್ಲ ಅಂತಾರ್ರಿ. ನನ್ನಂಥಾ ಮನಿಶ್ಯಾಗ ಔಷಧ ಇಲ್ಲ ಅಂತಾರ. ಕೊಟ್ಟಿಗಿಗೆ ಹೊರಗಿಂದ ಕೀಲಿ ಹಾಕು ಅಂತಾರ. ಕಟಗೊಂಡ ಗಂಡನ್ನ ಕೀಲಿ ಹಾಕಿ ನಾ ಹ್ಯಾಂಗ್ ಮಲಗ್ಲಿರಿ?"

ಡಾಕ್ಟರು ಫೋನು ಮಾಡಿದರು, ಎರಡು ಸಲ ಊರಿಗೂ ಹೋಗಿ ಬಂದರು. ಯಲಗೌಡರು ಬರುತ್ತಿದ್ದ ಬೆಳಗಿನ ಹನ್ನೊಂದರ ವೇಳೆಯನ್ನು ಯಾರಿಗೂ ಕೊಡದೆ ಎರಡು ತಿಂಗಳು ಖಾಲಿ ಇಟ್ಟರು. ಆ ಹೊತ್ತಿನಲ್ಲಿ ಖಾಲಿ ಕುರ್ಚಿಯ ಮೇಲೆ ತೂಗುತ್ತ ನಾನು ಕಾದೆ. ಅವರು ಬರಲಿಲ್ಲ. ಈಗ ಡಾಕ್ಟರು ರೋಗಿಯ ಜೊತೆಗೆ ಮನೆಯವರನ್ನೂ ಕೂರಿಸಿಕೊಂಡೇ ಪ್ರಶ್ನೆ ಕೇಳುತ್ತಾರೆ. ಅದರಿಂದ ಎಷ್ಟೋ ಜನಕ್ಕೆ ಒಳ್ಳೆಯದಾಯಿತು.

ಕಳೆದ ವರ್ಷ ನನ್ನ ಕವಚ ಬಿರುಕುಬಿಟ್ಟಿತು. ನನ್ನನ್ನು ಕಳಚಿ ಉಗ್ರಾಣದ ಮೂಲೆಯಲ್ಲಿ ಇಟ್ಟಿದ್ದಾರೆ. ಧೂಳು ಕುಳಿತಿದೆ, ಯಾರೂ ಮುಟ್ಟುವುದಿಲ್ಲ. ವಾಸಿಯಾದ ನೂರಾರು ತಲೆಗಳು ನೆನಪಿಗೆ ಬರಬೇಕಲ್ಲವೇ? ಬರುವುದಿಲ್ಲ. ಅಂಗಳದ ಈಚೆ ಕಾಶವ್ವ, ಆಚೆ ಯಲಗೌಡರು. ನಡುವೆ ಇರುವುದು ಹತ್ತು ಹೆಜ್ಜೆ. ಕೊಟ್ಟಿಗೆಗೆ ಕೀಲಿ ಹಾಕದೆ, ಆಕೆ ಈಗಲೂ ಮನೆಯ ಬಾಗಿಲನ್ನು ತೆರೆದಿಟ್ಟೇ ಮಲಗುತ್ತಾಳಂತೆ.