ಹಂಫ್ರಿ ಬಾಯಿಬಿಟ್ಟ ದಿನ

ಪೆನ್‌ಹಾಲೋ ಊರಿನ ಪ್ರತಿನಿಧಿಯಾಗಿ ಹಂಫ್ರಿ ಟ್ರೆಗೆನ್ನಾ ಪಾರ್ಲಿಮೆಂಟಿಗೆ ಬಂದು ವರ್ಷಗಳೇ ಕಳೆದಿದ್ದವು. ಅಲ್ಲಿನ ಸಭೆಯಲ್ಲಿ ಒಮ್ಮೆಯೂ ಬಾಯಿಬಿಟ್ಟಿರಲಿಲ್ಲ. ಎದ್ದು ನಿಂತರೆ ಸಾಕು, ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಊರಿಗೆ ಹೋದಾಗ ಮಾತ್ರ, ಬಂದರಿಗೆ ತಡೆಗೋಡೆ ಬೇಕೆಂದು ಸಭೆಯಲ್ಲಿ ಕೇಳುತ್ತಲೇ ಇದ್ದೇನೆ ಎನ್ನುತ್ತಿದ್ದ. ಕಳೆದ ಚಳಿಗಾಲ ಬಿರುಗಾಳಿಗೆ ಸಿಕ್ಕಿ ದೋಣಿಗಳು ಬಂದರಿನ ಬಾಯಲ್ಲೇ ಒಡೆದ ಮೇಲೆ ಜನ ಅದನ್ನು ನಂಬಲಿಲ್ಲ. ಚುನಾವಣೆ ಹತ್ತಿರವಿತ್ತು. ಊರಿನ ಮತದಾರರೆಲ್ಲ ಯಾರ ಮಾತಿನಂತೆ ಮತ ಹಾಕುತ್ತಿದ್ದರೋ ಆ ಮೀನು ವ್ಯಾಪಾರಿ ಸೈಲಸ್ ರೋಸ್ವಾರ್ನ್ ತಾನೇ ಲಂಡನ್ನಿಗೆ ಬಂದ.

"ನೀವು ಮಾತಾಡೋದನ್ನ ಈ ಕಿವೀಲೇ ಕೇಳ್ಬೇಕು ದೊರೆ. ಕೇಳಿದ್ರೆ ಮತ ನಿಮ್ಗೆ. ಇಲ್ದಿದ್ರೆ ಒಂದು ಮೀನಿನ ಪೀಪಾಯಿನೇ ಕಳಿಸ್ತೀವಿ. ಅದೂ ನಿಮ್ಮಷ್ಟೇ ಮಾತಾಡುತ್ತೆ!"

ಹಂಫ್ರಿ ವಾರವಿಡೀ ಕನ್ನಡಿಯ ಮುಂದೆ ಅಭ್ಯಾಸ ಮಾಡಿದ. ಆ ಮಧ್ಯಾಹ್ನ ಸೈಲಸ್‌ನನ್ನು ಪ್ರೇಕ್ಷಕರ ಗ್ಯಾಲರಿಯಲ್ಲಿ ಕೂರಿಸಿ, ಸಭಾಧ್ಯಕ್ಷರು ಕರೆದಾಗ ಟೋಪಿ ತೆಗೆದು ಎದ್ದ. ಅಷ್ಟರಲ್ಲಿ ಪಕ್ಕದಲ್ಲಿದ್ದ ಗೆಳೆಯ ಫೆಂಟನ್ ಕೂಗಿದ: "ಸಭೆಯಲ್ಲಿ ಹೊರಗಿನವರಿದ್ದಾರೆ!"

ಯಾವನೋ ಒಬ್ಬ ಸದಸ್ಯ ಹಾಗೆಂದರೂ ಸಾಕು, ಗ್ಯಾಲರಿ ಖಾಲಿಯಾಗಲೇಬೇಕು. ಅದಕ್ಕೆ ಚರ್ಚೆಯಿಲ್ಲ. ಕಾವಲುಗಾರರು ಪತ್ರಿಕೆಯವರ ಜೊತೆಗೆ ಸೈಲಸ್‌ನನ್ನೂ ಹೊರಗೆ ದಬ್ಬಿದರು.

ಹಂಫ್ರಿಗೆ ಮೈಯೆಲ್ಲ ಉರಿಯಿತು. ಆ ಉರಿಗೇ ನಾಲಿಗೆ ಸಡಿಲಾಯಿತು. ಒಡೆದ ದೋಣಿಗಳ ಬಗ್ಗೆ, ದಡದಲ್ಲಿ ನಿಂತು ಹೆಸರು ಹಿಡಿದು ಕೂಗಿದ ಹೆಂಗಸರ ಬಗ್ಗೆ ಮಾತಾಡಿದ. ಬೀಜ ಒಡೆದು ತಿನ್ನುತ್ತಿದ್ದ ಸದಸ್ಯರು ಕೈ ನಿಲ್ಲಿಸಿದರು. ಬೆಂಚಿನ ಮೇಲೆ ಮಲಗಿದ್ದವರು ಎದ್ದು ಕೂತರು. "ಮುಂದಿನ ಅಧಿವೇಶನದಲ್ಲಿ ನೀವೇ ಈ ವಿಷಯ ಮತ್ತೆ ಎತ್ತಿ, ನೋಡೋಣ," ಎಂದರು ಮಂತ್ರಿಗಳು.

"ಯಾಕೆ ಕೂಗಿದ್ಯೋ?" ಕೂತೊಡನೆ ಹಂಫ್ರಿ ಫೆಂಟನ್‌ನ ತೋಳು ಹಿಡಿದ.

"ನಿನ್ ಮುಖ ಸುಣ್ಣದ ಥರ ಆಗಿತ್ತು ಕಣಯ್ಯಾ! ಊರವನ ಮುಂದೆ ಮಾನ ಉಳೀಲಿ ಅಂತ ಕೂಗ್ದೆ. ಹಿಂಗೆ ಮಾತಾಡ್ತೀಯ ಅಂತ ಯಾರಿಗ್ಗೊತ್ತು?"

ಹೊರಗೆ ಸೋನೆ ಮಳೆ. ಸೈಲಸ್ ಮೆಟ್ಟಿಲ ಮೇಲೆ ಕಾಯುತ್ತಿದ್ದ.

"ಮಾತಾಡ್ದೆ ಸೈಲಸ್! ಎಲ್ರೂ ಕೇಳಿದ್ರು!"

"ಹೌದೌದು. ನನ್ನ ಓಡಿಸಿದವ್ರು ನಿಮ್ಮ ಪಕ್ಕದಲ್ಲೇ ಕೂತಿದ್ದ ದೋಸ್ತರೇ ಅಲ್ವಾ? ಒಳ್ಳೆ ಏರ್ಪಾಡು."

"ದೇವರಾಣೆ, ನಂಗೊತ್ತಿರ್ಲಿಲ್ಲ!"

"ಸರಿ, ಒಳಗೆ ಆಡಿದ್ದನ್ನೇ ಇಲ್ಲಿ ಆಡಿ. ನಾಲ್ಕು ಮಾತು ಸಾಕು."

ಹಂಫ್ರಿ ಟೋಪಿ ತೆಗೆದ. "ಸಭಾಧ್ಯಕ್ಷರೇ..." ಎಂದ. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿತು.

ಸೈಲಸ್ ತನ್ನ ಕೋಟಿನ ಕಾಲರ್ ಮೇಲಕ್ಕೆತ್ತಿಕೊಂಡ.

"ಟೋಪಿ ಹಾಕ್ಕೊಳ್ಳಿ ದೊರೆ, ನೆಗಡಿಯಾಗುತ್ತೆ," ಎಂದವನೇ ಊರಿನ ಗಾಡಿ ಹಿಡಿಯಲು ಹೊರಟ.