ತುಟಿಗೆ ಹತ್ತಿದ ನೀಲಿ

ಅಪ್ಪನ ತುಟಿ ನೀಲಿಯಾಗಿರುವುದನ್ನು ಮೊದಲು ಕಂಡವಳು ಮಗಳು. ಕಂಡ ಕೂಡಲೇ ಅವಳು ಗಾಬರಿಯಾಗಲಿಲ್ಲ, ರೇಗಿದಳು. ಅಪ್ಪ ಅಂಗಡಿಗಳಿಗೆ ಬೋರ್ಡು ಬರೆಯುವ ಪೇಂಟರ್. ಸಣ್ಣ ಅಕ್ಷರ ಬರೆಯುವಾಗ ಬ್ರಷ್ಷಿನ ತುದಿಯನ್ನು ತುಟಿಯ ನಡುವೆ ಇಟ್ಟು ಚೂಪು ಮಾಡಿಕೊಳ್ಳುವ ಚಾಳಿ ಅವನಿಗೆ.

“ಬಾಯಿಗೆ ಬ್ರಷ್ ಇಡಬೇಡ ಅಂತ ಎಷ್ಟು ಸಲ ಬಡ್ಕೊಳ್ಳಲಿ ಅಪ್ಪಾ?”

“ಬ್ರಷ್ ಮುಟ್ಟೇ ಇಲ್ಲ ಕಣೇ. ಇವತ್ತು ರಜಾ ಅಲ್ವಾ?”

“ಮತ್ತೆ ಇದೇನು, ಶಾಯಿ ಕುಡಿದ್ಯಾ?”

ಅಪ್ಪ ನಗಲು ಹೋಗಿ ಗೋಡೆ ಹಿಡಿದುಕೊಂಡ. ಬೆಳಗಿನಿಂದ ತಲೆ ಭಾರ, ಎದ್ದರೆ ಕಣ್ಣು ಕತ್ತಲೆ ಬರುತ್ತೆ ಎಂದ. ಮಗಳು ಅವನನ್ನು ಕುರ್ಚಿಯಲ್ಲಿ ಕೂರಿಸಿ, ಬಟ್ಟೆಗೆ ಸೋಪು ಹಚ್ಚಿ ತುಟಿ ಉಜ್ಜಿದಳು. ಹೋಗಲಿಲ್ಲ. ಹಟಕ್ಕೆ ಬಿದ್ದು, ಪೇಂಟಿನ ಡಬ್ಬಗಳ ಪಕ್ಕದಲ್ಲಿದ್ದ ಥಿನ್ನರನ್ನು ಅದೇ ಬಟ್ಟೆಗೆ ಸೋಕಿಸಿ ಇನ್ನೊಮ್ಮೆ ಉಜ್ಜಿದಳು. ಅಪ್ಪ “ಉರಿ, ಉರಿ!” ಎಂದು ಅವಳ ಕೈ ತಳ್ಳಿದ. ಬಟ್ಟೆ ಬೆಳ್ಳಗೇ ಇತ್ತು. ತಳ್ಳಿದ ಆ ಕೈಯ ಉಗುರುಗಳೂ ನೀಲಿಯಾಗಿದ್ದವು.

ಆಗ ಅವಳು ಬಟ್ಟೆ ಕೆಳಗೆ ಹಾಕಿದಳು. “ಅಮ್ಮಾ!” ಎಂದು ಕೂಗಿದಳು.

ಅಮ್ಮ ಅಡುಗೆಮನೆಯಿಂದ ಬಂದಳು, ಆದರೆ ಮುಖ ಊದಿಸಿಕೊಂಡೇ ಬಂದಳು. ಗಂಡ ಹೆಂಡತಿ ಮಾತು ಬಿಟ್ಟು ಕೆಲವು ದಿನವಾಗಿತ್ತು. ಅಪ್ಪ ಊಟಕ್ಕೆ ಕೂತು ನಾಲ್ಕು ತುತ್ತು ತಿಂದು ತಟ್ಟೆ ಸರಿಸಿ ಏಳುತ್ತಿದ್ದ. ಏನಾಗಿದೆ ಅಡುಗೆಗೆ ಎಂದು ಕೇಳಿದರೆ “ಚೆನ್ನಾಗಿದೆ, ಹಸಿವಿಲ್ಲ” ಅನ್ನುತ್ತಿದ್ದ. ಹೊರಗೆಲ್ಲೋ ರುಚಿ ಕಂಡುಕೊಂಡಿದ್ದಾರೆ, ನನ್ನ ಕೈಯಡುಗೆ ಈಗ ಸಪ್ಪೆ ಎಂದು ಅಮ್ಮ ತೀರ್ಮಾನಿಸಿಬಿಟ್ಟಿದ್ದಳು. ಗಂಡನ ಮುಖ ನೋಡಿದ್ದೇ ತಡ, ಆ ತೀರ್ಮಾನವೆಲ್ಲ ಎಲ್ಲಿ ಹೋಯಿತೋ.

“ಅಯ್ಯೋ, ರೀ! ಇದೇನ್ರೀ ಇದು ಬಣ್ಣ?”

ಟ್ಯಾಕ್ಸಿ ಹಿಡಿದು ಆಸ್ಪತ್ರೆಗೆ ಓಡಿದರು.

ಅಲ್ಲಿನ ಕಿರಿಯ ಡಾಕ್ಟರು ಅಪ್ಪನ ಬೆರಳಿಗೆ ಕ್ಲಿಪ್ಪು ಸಿಕ್ಕಿಸಿದರು. ಎಂಬತ್ತೈದು ಎಂದು ತೋರಿಸಿತು. ಆಮ್ಲಜನಕ ತೀರಾ ಕಡಿಮೆ ಎಂದು ಮೂಗು ಬಾಯಿಗೆ ಮಾಸ್ಕು ಹಾಕಿ ಸಿಲಿಂಡರ್ ತಿರುಗಿಸಿದರು. ಅಂಕಿ ಕದಲಲಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಶ್ವಾಸಕೋಶ ಸರಿಯಾಗಿದೆ. ಇಸಿಜಿ ತೆಗೆದರೆ ಹೃದಯವೂ ಸರಿ. ಡಾಕ್ಟರಿಗೆ ಕ್ಲಿಪ್ಪಿನ ಮೇಲೇ ಅನುಮಾನ ಬಂತು. ಅದನ್ನು ಮಗಳ ಬೆರಳಿಗೆ ಹಾಕಿ ನೋಡಿದರು: ತೊಂಬತ್ತೊಂಬತ್ತು. ಮತ್ತೆ ಅಪ್ಪನಿಗೆ: ಎಂಬತ್ತೈದು.

“ಉಸಿರು ಕಟ್ಟುತ್ತಾ?”

“ಇಲ್ಲ ಸಾರ್, ಆರಾಮಾಗಿ ಬರುತ್ತೆ,” ಎಂದ ಅಪ್ಪ, ಮಾಸ್ಕಿನೊಳಗಿಂದ. ನೀಲಿ ಮುಖ ಹೊತ್ತು ಆರಾಮು ಅನ್ನುವವನನ್ನು ಏನು ಮಾಡುವುದೆಂದು ಅವರಿಗೆ ತಿಳಿಯಲಿಲ್ಲ. ರಕ್ತ ತೆಗೆದರು. ಸಿರಿಂಜಿನೊಳಗೆ ಬಂದದ್ದು ಕೆಂಪಗಿರಲಿಲ್ಲ. ಕೋಕೋ ಕದಡಿದ ಹಾಗೆ ಕಂದು ಬಣ್ಣಕ್ಕಿತ್ತು. ಅವರು ಸಿರಿಂಜನ್ನು ಬೆಳಕಿಗೆ ಹಿಡಿದರು, ತಿರುಗಿಸಿದರು, ಅದನ್ನು ಹಿಡಿದುಕೊಂಡೇ ಹೊರಗೆ ಹೋದರು.

ವಾಪಸು ಬಂದಾಗ ಜತೆಯಲ್ಲಿ ದೊಡ್ಡ ಡಾಕ್ಟರಮ್ಮ ಇದ್ದರು. ಅವರು ಆ ರಕ್ತದ ಒಂದು ಹನಿಯನ್ನು ಬಿಳಿ ಕಾಗದದ ಮೇಲೆ ಬಿಟ್ಟು ಗಾಳಿಗೆ ಆಡಿಸಿದರು. “ಆಮ್ಲಜನಕ ಕಡಿಮೆಯಾಗಿ ಕಪ್ಪಾದ ರಕ್ತ ಆಗಿದ್ರೆ ಗಾಳಿ ತಾಗಿದ ಕೂಡಲೇ ಕೆಂಪಾಗಬೇಕಿತ್ತು. ಇದು ಆಗ್ತಿಲ್ಲ ನೋಡಿ. ರಕ್ತದಲ್ಲಿರೋ ಕಬ್ಬಿಣ ಆಕ್ಸಿಡೇಶನ್ ಆಗಿದೆ.”

ಮಗಳಿಗೆ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಆಕ್ಸಿಡೇಶನ್ ಅವಳ ದಿನನಿತ್ಯದ ಅನ್ನ. ಅಡುಗೆ ಎಣ್ಣೆ ಕಂಪನಿಯ ಪ್ರಯೋಗಾಲಯದಲ್ಲಿ ಅವಳ ಕೆಲಸವೇ ಅದು. ಗಾಳಿ ತಾಗಿ ಎಣ್ಣೆ ಎಷ್ಟು ಕೆಟ್ಟಿದೆ, ಕಮಟು ವಾಸನೆ ಬರಲು ಎಷ್ಟು ದೂರವಿದೆ ಎಂದು ಗಾಜಿನ ನಳಿಕೆಯಿಂದ ಹನಿ ಹನಿ ಇಳಿಸಿ ಲೆಕ್ಕ ಹಾಕುವುದು. ಎಣ್ಣೆಗೆ ಆಗುವುದು ಅಪ್ಪನಿಗೆ ಹೇಗಾಯಿತು?

“ಮೇಡಂ, ಆಮ್ಲಜನಕ ಸಾಲದು ಅಂತ ಮಾಸ್ಕ್ ಹಾಕಿದ್ದೀರಿ. ಈಗ ಆಕ್ಸಿಡೇಶನ್ ಅಂತೀರಿ. ಕಡಿಮೆಯಾಗಿದೆಯೋ ಜಾಸ್ತಿಯಾಗಿದೆಯೋ?”

“ಎಲ್ಲರಿಗೂ ಅಲ್ಲೇ ತಲೆ ಕೆಡೋದು. ಕಬ್ಬಿಣ ಆಮ್ಲಜನಕ ಹೊತ್ಕೊಂಡು ಹೋಗೋದು ಬೇರೆ, ತಾನೇ ಆಕ್ಸಿಡೈಸ್ ಆಗೋದು ಬೇರೆ. ಇವರ ಕಬ್ಬಿಣ ಒಂದು ಎಲೆಕ್ಟ್ರಾನ್ ಕಳ್ಕೊಂಡು ಕೂತಿದೆ. ಈಗ ಆಮ್ಲಜನಕ ಪಕ್ಕದಲ್ಲೇ ಇದ್ರೂ ಅದಕ್ಕೆ ಹಿಡ್ಕೊಳ್ಳೋಕೆ ಆಗಲ್ಲ.”

“ಅಂದ್ರೆ ರಕ್ತಕ್ಕೆ ತುಕ್ಕು ಹಿಡಿದಿದೆಯಾ?” ಅಮ್ಮ ಕೇಳಿದಳು.

“ಹೆಚ್ಚು ಕಡಿಮೆ ಹಾಗೇ ಅಮ್ಮಾ. ಏನೋ ಒಂದು ವಸ್ತು ಒಳಗೆ ಹೋಗಿ ಈ ಕೆಲಸ ಮಾಡಿದೆ. ಏನದು?”

ಪೇಂಟರ್ ಎಂದು ತಿಳಿದಾಗ ಎಲ್ಲರ ಕಣ್ಣೂ ಪೇಂಟಿನ ಮೇಲೆ ಬಿತ್ತು. ಮಗಳು ಥಿನ್ನರಿನ ವಿಷಯ ಹೇಳುವಾಗ ನಾಲಿಗೆ ತೊದಲಿತು. ನಾನೇ ಅಪ್ಪನಿಗೆ ವಿಷ ಉಜ್ಜಿದೆನೇ? “ಅದಕ್ಕೆ ಮುಂಚೆಯೇ ನೀಲಿ ಇತ್ತಲ್ಲ,” ಎಂದು ಡಾಕ್ಟರಮ್ಮ ಸಮಾಧಾನ ಮಾಡಿದರು. ಅಮ್ಮ ಸೊಪ್ಪಿನ ಮೇಲೆ, ನೀರಿನ ಮೇಲೆ, ಕೊನೆಗೆ ತನ್ನ ಮೇಲೇ ಅನುಮಾನಪಟ್ಟಳು. “ಒಂದೇ ಒಲೆಯ ಅಡುಗೆ ಮೂವರೂ ಉಂಡ್ವಿ. ಇವರಂತೂ ಸರಿಯಾಗಿ ಉಂಡೇ ಇಲ್ಲ. ಹಾಗಿದ್ದೂ ನನ್ನ ಕೈಯಿಂದಲೇ ಏನಾದ್ರೂ…” ಎಂದು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪನಿಂದ ಅದನ್ನು ನೋಡಲಾಗಲಿಲ್ಲ. ಮಾಸ್ಕು ಎತ್ತಿದ.

“ಹಲ್ಲು,” ಎಂದ.

“ಏನು ಹಲ್ಲು?”

“ದವಡೆ ಹಲ್ಲು ನೋಯ್ತಿತ್ತು. ಕೀಳಿಸ್ಬೇಕಾಗುತ್ತೆ ಅಂತ ಹೆದರಿ ಯಾರಿಗೂ ಹೇಳಲಿಲ್ಲ. ಮರಗಟ್ಟಿಸೋ ಮುಲಾಮು ಅಂಗಡೀಲಿ ಸಿಕ್ತು. ಹಚ್ಚಿದ್ರೆ ಸ್ವಲ್ಪ ಹೊತ್ತು ಹಾಯಾಗ್ತಿತ್ತು. ಹಾಗಾಗಿ ಹಚ್ತಾನೇ ಇದ್ದೆ. ನಿನ್ನೆಯಿಂದ ಬ್ರೆಡ್ಡಿಗೆ ಬೆಣ್ಣೆ ಹಚ್ಚಿದ ಹಾಗೆ ಹಚ್ಕೊಂಡಿದ್ದೀನಿ.”

“ಅದೇ ಇರ್ಬೇಕು,” ಎಂದರು ಡಾಕ್ಟರಮ್ಮ. “ಎಲ್ಲರಿಗೂ ಹೀಗಾಗಲ್ಲ. ಆದ್ರೆ ಅತಿಯಾದ್ರೆ ಕೆಲವರಿಗೆ ಆಗುತ್ತೆ.”

ಅಮ್ಮ ಅಳು ನಿಲ್ಲಿಸಿ ಗಂಡನನ್ನೇ ದಿಟ್ಟಿಸಿದಳು. “ಅದಕ್ಕಾ ನೀವು ಊಟ ಬಿಟ್ಟಿದ್ದು?” ಸಿಟ್ಟು ಬರಬೇಕೋ ಸಮಾಧಾನವಾಗಬೇಕೋ ಅವಳಿಗೆ ಗೊತ್ತಾದಂತೆ ಕಾಣಲಿಲ್ಲ.

ಮನೆಯಲ್ಲಿ ಯಾರಿಗಾದರೂ ರಕ್ತಕಣ ಒಡೆಯುವ ಕಾಯಿಲೆ ಇದೆಯೇ, ಇದ್ದರೆ ಈಗ ಕೊಡುವ ಔಷಧಿ ಆಗದು ಎಂದು ವಿಚಾರಿಸಿಕೊಂಡು, ಇಲ್ಲವೆಂದ ಮೇಲೆ ಡಾಕ್ಟರಮ್ಮ ಔಷಧಿ ತರಿಸಿದರು. ಸಿರಿಂಜಿನಲ್ಲಿ ಕಡು ನೀಲಿ.

“ನೀಲಿಯಾದವರಿಗೆ ನೀಲಿಯನ್ನೇ ಚುಚ್ತೀರಾ?” ಅಮ್ಮ ಹೌಹಾರಿದಳು. ಮಗಳಿಗೂ ಅದರ ಗುರುತು ಸಿಕ್ಕಿತ್ತು: ಮೆಥಿಲೀನ್ ಬ್ಲೂ. ಕಾಲೇಜಿನ ಲ್ಯಾಬಿನಲ್ಲಿ ಗಾಜಿನ ಪಟ್ಟಿಯ ಮೇಲಿನ ಜೀವಕೋಶಗಳಿಗೆ ಬಣ್ಣ ಹಾಕಲು ಬಳಸಿದ್ದಳು. ಅದನ್ನು ಮನುಷ್ಯನ ರಕ್ತನಾಳಕ್ಕೆ?

“ಕಬ್ಬಿಣ ಕಳ್ಕೊಂಡ ಎಲೆಕ್ಟ್ರಾನನ್ನ ವಾಪಸ್ ಕೊಡಿಸೋಕೆ ಇದೇ ದಾರಿ. ನಂಬಿ,” ಎಂದು ಡಾಕ್ಟರಮ್ಮ ನಿಧಾನವಾಗಿ ಔಷಧಿ ಇಳಿಸಿದರು.

ಎಂಬತ್ತೈದಿದ್ದ ಅಂಕಿ ಸರ್ರನೆ ಎಪ್ಪತ್ತಕ್ಕೆ ಬಿತ್ತು. ಮಗಳು ಮಂಚದ ಕಂಬಿ ಹಿಡಿದು “ಮೇಡಂ, ಇಳೀತಿದೆ!” ಎಂದು ಚೀರಿದಳು.

“ಆ ಕ್ಲಿಪ್ಪು ಬಣ್ಣ ನೋಡಿ ಲೆಕ್ಕ ಹಾಕೋದು. ನೀಲಿ ಔಷಧಿ ಕಂಡು ಅದಕ್ಕೂ ತಲೆ ಕೆಟ್ಟಿದೆ. ಅದನ್ನ ಬಿಡಿ, ಮುಖ ನೋಡಿ.”

ನೋಡಿದಳು. ರೆಪ್ಪೆ ಮುಚ್ಚದೆ ನೋಡಿದಳು. ಇಷ್ಟು ವರ್ಷ ಅಂಕಿಯನ್ನೇ ನಂಬಿ ಬದುಕಿದವಳಿಗೆ ಅಂಕಿ ಬಿಟ್ಟು ಮುಖ ನಂಬುವುದು ಸುಲಭವಾಗಿರಲಿಲ್ಲ. ಸ್ವಲ್ಪ ಹೊತ್ತಿಗೆ ತುಟಿಯ ಅಂಚಿನಲ್ಲಿ ಗುಲಾಬಿ ಬಣ್ಣದ ಗೆರೆ ಮೂಡಿತು. ಇದು ತನ್ನ ಆಸೆಯೋ ನಿಜವೋ ಎಂದು ಕಣ್ಣುಜ್ಜಿಕೊಂಡಳು. ಆ ಹೊತ್ತಿಗೆ ಅಂಕಿಯೂ ಏರತೊಡಗಿತ್ತು.

ಸಂಜೆ ಬಚ್ಚಲಿಗೆ ಹೋದ ಅಪ್ಪ ಒಳಗಿನಿಂದಲೇ ಕೂಗಿದ: “ಪುಟ್ಟೀ, ಡಾಕ್ಟರನ್ನ ಕರಿಯೇ! ಹಸಿರು ಬರ್ತಿದೆ!”

“ಅದು ಔಷಧಿಯ ಬಣ್ಣವಂತೆ, ಬಾ ಅಪ್ಪಾ,” ಎಂದಳು ಮಗಳು. ನಗು ತಡೆಯಲಾಗಲಿಲ್ಲ, ನಗುತ್ತಿದ್ದಂತೆ ಕಣ್ಣೀರೂ ಬಂತು.

ಮರುವಾರ ಹಲ್ಲಿನ ಡಾಕ್ಟರಿಗೆ ನಡೆದದ್ದನ್ನೆಲ್ಲ ಮೊದಲೇ ಹೇಳಿ, ಮರಗಟ್ಟಿಸಲು ಬೇರೆ ಜಾತಿಯ ಇಂಜೆಕ್ಷನ್ ಹಾಕಿಸಿ ಹಲ್ಲು ಕೀಳಿಸಿದರು. ಮನೆಗೆ ಬಂದ ಮೇಲೆ ಅಮ್ಮ ಅನ್ನವನ್ನು ಮೆತ್ತಗೆ ಬೇಯಿಸಿ, ಕಿವುಚಿ, ಆರಿಸಿ ಮುಂದಿಟ್ಟಳು. ಅಪ್ಪ ಒಂದು ಚಮಚ ಬಾಯಿಗಿಟ್ಟ.

“ಉಪ್ಪು ಸರಿ ಇದೆಯಾ?”

“ಗೊತ್ತಾಗ್ತಿಲ್ಲ. ನಾಲಿಗೆ ಇನ್ನೂ ಮರಗಟ್ಟಿದೆ.”

ಅಮ್ಮ ಸೌಟು ಹಿಡಿದುಕೊಂಡೇ ಮಗಳ ಕಡೆ ತಿರುಗಿದಳು. “ಇದು ಚೆನ್ನಾಗಿದೆ ಅಂತಲೋ, ಇಲ್ಲ ಅಂತಲೋ?”

ಮಗಳು ಅಪ್ಪನ ಬಟ್ಟಲಿನ ಕಡೆ ಬೆರಳು ತೋರಿಸಿದಳು. ಅಪ್ಪ ತಲೆ ತಗ್ಗಿಸಿ ಅದನ್ನು ಪೂರ್ತಿ ಖಾಲಿ ಮಾಡಿದ.